ನೋಡಿದ್ದಕ್ಕೂ ದುಡ್ಡಾ?

ನಮ್ಮ ಮನೆಯ ಕಾರು 2004ರದ್ದು. ಪೆಟ್ರೋಲ್ ಗಾಡಿ. ಮಾರುವ ಮನಸ್ಸು ಮನೆಯಲ್ಲಿ ಯಾರಿಗೂ ಇಲ್ಲ, ದೂರದೂರಿಗೆ ಒಯ್ಯುವ ಧೈರ್ಯವೂ ಯಾರಿಗೂ ಇಲ್ಲ. ಕಂಪನಿ ಹೆಸರು ಬೇಡ ಬಿಡಿ. ಇಲ್ಲಿ ಹೇಳುವ ತೊಂದರೆ ಒಂದೂ ಕಂಪನಿಯದ್ದಲ್ಲ. ವಯಸ್ಸಿನದ್ದು. ಸ್ವಲ್ಪ ನನ್ನದು.

ಬೇಸಿಗೆಯಲ್ಲಿ ಕಾರು ಹೀಟಾಗಲು ಶುರುವಾಯಿತು. ಬೆಂಗಳೂರಿನ ಗೊರಗುಂಟೆಪಾಳ್ಯದ ಸಿಗ್ನಲ್ ಗೊತ್ತಲ್ಲ, ಅಲ್ಲಿ ಹತ್ತು ನಿಮಿಷ ನಿಂತರೆ ಮೀಟರಿನ ಮುಳ್ಳು ನಿಧಾನಕ್ಕೆ ಕೆಂಪು ಗೆರೆಯ ಕಡೆ ಹೊರಡುತ್ತಿತ್ತು. ಮೊದಲ ದಿನ ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ನಾನು ಎಸಿ ಆರಿಸಿ, ಹೀಟರ್ ಫುಲ್ ತಿರುಗಿಸಿದೆ. ಕಾರಿನ ಹೀಟರ್ ಅಂದರೆ ಡ್ಯಾಶ್‌ಬೋರ್ಡಿನ ಹಿಂದೆ ಇರುವ ಇನ್ನೊಂದು ಪುಟ್ಟ ರೇಡಿಯೇಟರ್, ಅಷ್ಟೇ. ಎಂಜಿನ್ನಿನ ಬಿಸಿ ಒಂದಷ್ಟು ನಮ್ಮ ಮೈಮೇಲೆ ಬಂದರೆ ಎಂಜಿನ್ನಿಗೆ ಅಷ್ಟು ಹಗುರ. ಮುಳ್ಳು ಇಳಿಯಿತು. ಆದರೆ ಮೇ ತಿಂಗಳ ಮಧ್ಯಾಹ್ನ, ನಾಲ್ಕೂ ಕಿಟಕಿ ತೆಗೆದು, ಕಾಲಿಗೆ ಬಿಸಿಗಾಳಿ ಊದಿಸಿಕೊಂಡು ಕೂತ ನಮ್ಮನ್ನು ಪಕ್ಕದ ಆಟೋದವರು ನೋಡಿದ ನೋಟ ಮರೆಯುವಂತಿಲ್ಲ. "ಇದೇನೋ, ಕಾರಾ ಬಚ್ಚಲೊಲೆನಾ?" ಅಂದರು ಅಮ್ಮ.

ಮನೆ ಹತ್ತಿರದ ಗ್ಯಾರೇಜಿನ ಹುಡುಗ ಬಾನೆಟ್ ಎತ್ತಿ, ಎರಡೇ ನಿಮಿಷ ನೋಡಿ ತೀರ್ಪು ಕೊಟ್ಟ. "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್. ಹೆಡ್ ಬಿಚ್ಚಬೇಕು. ಇಪ್ಪತ್ತೈದು ಸಾವಿರ ಇಟ್ಕೊಳಿ." ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇರುವ ಸೀಲು. ಗಾಬರಿಯಾಗಿ ಇನ್ನೊಂದು ಗ್ಯಾರೇಜಿಗೆ ಹೋದೆ. ಅವರು ಇಷ್ಟು ದೊಡ್ಡದು ಹೇಳಲಿಲ್ಲ. "ಥರ್ಮೋಸ್ಟಾಟ್ ಚೇಂಜ್ ಮಾಡಿ ನೋಡೋಣ" ಅಂದರು. ನೋಡಿದೆವು. ಆಮೇಲೆ ರೇಡಿಯೇಟರ್ ಕ್ಯಾಪ್ ಚೇಂಜ್ ಮಾಡಿ ನೋಡಿದೆವು. ಆಮೇಲೆ ವಾಟರ್ ಪಂಪ್. ಒಟ್ಟು ಆರೂವರೆ ಸಾವಿರ ಖರ್ಚಾಯಿತು. ಗೊರಗುಂಟೆಪಾಳ್ಯವೂ ಅಲ್ಲೇ ಇತ್ತು, ಮುಳ್ಳೂ ಹಾಗೇ ಏರುತ್ತಿತ್ತು.

ರೇಡಿಯೇಟರಿಗೆ ಗಾಳಿ ಎಳೆಯುವ ಫ್ಯಾನ್ ನೋಡಲಿಲ್ಲವಾ ಅಂತ ನೀವು ಕೇಳಬಹುದು. ನೋಡಿದ್ದರು. ಇಬ್ಬರೂ ಹೇಳಿದ್ದು ಒಂದೇ ಮಾತು, "ಫ್ಯಾನ್ ತಿರುಗ್ತಾ ಇದೆ ಸಾರ್." ಹೌದು, ತಿರುಗುತ್ತಿತ್ತು. ನಾನೂ ಕಣ್ಣಾರೆ ಕಂಡಿದ್ದೆ. ಜಾಣತನ ತೋರಿಸಲು ಫ್ಯಾನಿನ ಕಪ್ಲರ್, ಅಂದರೆ ವೈರು ಸೇರಿಸುವ ಪ್ಲಗ್ಗು, ಕಳಚಿ, ಚಿಕ್ಕ ಬಲ್ಬಿಗೆ ಎರಡು ವೈರು ಕಟ್ಟಿ ಹಿಡಿದೂ ನೋಡಿದ್ದೆ. ಬಲ್ಬು ಚೆನ್ನಾಗಿಯೇ ಉರಿಯಿತು. ಕರೆಂಟ್ ಬರುತ್ತಿದೆ, ಫ್ಯಾನ್ ತಿರುಗುತ್ತಿದೆ, ಇನ್ನೇನು ಬೇಕು?

ಅದೇ ಹೊತ್ತಿಗೆ ಹಾಸನದಲ್ಲಿ ನೆಂಟರ ಗೃಹಪ್ರವೇಶ ಬಂತು. ಹೆದರಿಕೊಂಡೇ ಹೊರಟೆವು, ಡಿಕ್ಕಿಯಲ್ಲಿ ಹತ್ತು ಲೀಟರ್ ನೀರು ಇಟ್ಟುಕೊಂಡು. ಆಶ್ಚರ್ಯ ಅಂದರೆ ನೆಲಮಂಗಲ ದಾಟಿದ ಮೇಲೆ ಹಾಸನದವರೆಗೆ ಎಂಬತ್ತರಲ್ಲಿ ಓಡಿದರೂ ಮುಳ್ಳು ಅರ್ಧ ದಾಟಲಿಲ್ಲ. ನನಗೆ ಖುಷಿ, ಕಾರು ತಾನೇ ಸರಿ ಹೋಯಿತು ಅಂತ. ಊರು ಹೊಕ್ಕು ಟ್ರಾಫಿಕ್ಕಿನಲ್ಲಿ ನಿಂತ ಮೇಲೆ ಮತ್ತೆ ಶುರು. ಭಾವ ತಮಗೆ ಗೊತ್ತಿರುವ ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಕರೆದುಕೊಂಡು ಹೋದರು. ಅರವತ್ತು ದಾಟಿದ ಮನುಷ್ಯ. ಬಾನೆಟ್ ಎತ್ತುವ ಮೊದಲು ನನ್ನನ್ನು ಕೂರಿಸಿ ಕೇಳಿದರು.

"ಓಡುವಾಗ ಹೀಟಾಗುತ್ತಾ, ನಿಂತಾಗ ಹೀಟಾಗುತ್ತಾ?"

ಇಷ್ಟು ದಿನ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಉತ್ತರ ನನ್ನ ಹತ್ತಿರವೇ ಇತ್ತು. ಕಾರು ಓಡುವಾಗ ಎದುರುಗಾಳಿ ರೇಡಿಯೇಟರನ್ನು ತಣ್ಣಗಿಡುತ್ತದೆ, ಫ್ಯಾನಿಗೆ ಕೆಲಸ ಕಡಿಮೆ. ನಿಂತಾಗ ಗಾಳಿಗೆ ಫ್ಯಾನ್ ಒಂದೇ ದಿಕ್ಕು. ಹಾಗಾಗಿ ಬರೀ ಸಿಗ್ನಲ್ಲಿನಲ್ಲಿ ಹೀಟಾಗುವ ಕಾರಿಗೆ ಮೊದಲು ಫ್ಯಾನ್ ನೋಡಬೇಕು. ಹೈವೇಯಲ್ಲೋ ಘಾಟಿ ಹತ್ತುವಾಗಲೋ ಹೀಟಾದರೆ ರೇಡಿಯೇಟರ್ ಕಟ್ಟಿದೆಯಾ, ಥರ್ಮೋಸ್ಟಾಟ್ ತೆರೆಯುತ್ತಿದೆಯಾ, ಪಂಪು ನೀರು ತಳ್ಳುತ್ತಿದೆಯಾ ಅಂತ ನೋಡಬೇಕು. ಇನ್ನು ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಸಾಮಾನ್ಯವಾಗಿ ಅದು ಏನಾದರೂ ಗುರುತು ಬಿಟ್ಟಿರುತ್ತದೆ. ಕೂಲೆಂಟ್ ದಿನಾ ಕಡಿಮೆಯಾಗುತ್ತದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲುವುದಿಲ್ಲ, ಆಯಿಲ್ ಮುಚ್ಚಳದ ಒಳಗೆ ಹಾಲು ಜಾಸ್ತಿಯಾದ ಕಾಫಿಯಂಥ ಜಿಡ್ಡು ಕಾಣುತ್ತದೆ. ಮೇಸ್ತ್ರಿ ಆಯಿಲ್ ಮುಚ್ಚಳ ಬಿಚ್ಚಿ, ಬೆರಳು ಒರೆಸಿ, ನನಗೆ ತೋರಿಸಿದರು. ಬರೀ ಆಯಿಲ್. ಇಪ್ಪತ್ತೈದು ಸಾವಿರದ ತೀರ್ಪು ಅರ್ಧ ನಿಮಿಷದಲ್ಲಿ ಬಿದ್ದುಹೋಯಿತು.

ಆಮೇಲೆ ಎಂಜಿನ್ ಚಾಲೂ ಇಟ್ಟು, ಫ್ಯಾನ್ ತಿರುಗುವವರೆಗೆ ಕಾದರು. ಅಂದಿನ ಪೇಪರಿನ ಒಂದು ಹಾಳೆ ತೆಗೆದು ಕಾರಿನ ಮುಂದಿನ ಜಾಲರಿಗೆ ಹಿಡಿದು ಬಿಟ್ಟರು. ಹಾಳೆ ನಿಲ್ಲಲಿಲ್ಲ, ನೆಲಕ್ಕೆ ಬಿತ್ತು. ಬ್ಯಾಟರಿಯಿಂದ ದಪ್ಪ ವೈರು ಎಳೆದು ಫ್ಯಾನಿಗೆ ನೇರ ಕರೆಂಟ್ ಕೊಟ್ಟರು. ಫ್ಯಾನ್ ಭರ್ರ್ ಅಂತು. ಈಗ ಹಾಳೆ ಜಾಲರಿಗೆ ಅಂಟಿಕೊಂಡು ಕೂತಿತು. "ಮೋಟರು ಗಟ್ಟಿಯಾಗಿದೆ. ಅದಕ್ಕೆ ಊಟ ಸಾಲ್ತಿಲ್ಲ" ಅಂದರು.

ಕಪ್ಲರ್ ಬಿಚ್ಚಿದರೆ ಪಿನ್ನಿಗೆ ಹಸಿರು ಕಿಲುಬು, ಪ್ಲಾಸ್ಟಿಕ್ ಒಂದು ಬದಿ ಸುಟ್ಟು ಕಪ್ಪಾಗಿತ್ತು. ನಾನು ಬಲ್ಬು ಹಿಡಿದು ನೋಡಿದ್ದನ್ನು ಹೇಳಿದೆ. ನಕ್ಕರು. ಬಲ್ಬಿಗೆ ಬೇಕಾದದ್ದು ಒಂದು ಗುಟುಕು ಕರೆಂಟ್. ಆ ಕಿಲುಬಿನ ಸಂದಿಯಲ್ಲಿ ಅಷ್ಟು ಬಂದೇ ಬರುತ್ತದೆ. ಫ್ಯಾನಿಗೆ ಅದರ ಎಷ್ಟೋ ಪಟ್ಟು ಬೇಕು, ಅದು ಆ ಸಂದಿಯಲ್ಲಿ ನುಗ್ಗಲಾರದೆ ಬಿಸಿಯಾಗಿ ಅಲ್ಲೇ ಉಳಿಯುತ್ತದೆ. ಹಾಗಾಗಿ ಫ್ಯಾನ್ ತಿರುಗುತ್ತದೆ, ಗಾಳಿ ಎಳೆಯುವುದಿಲ್ಲ.

ಮುಕ್ಕಾಲು ಗಂಟೆಯ ಕೆಲಸ. ಹೊಸ ಕಪ್ಲರ್ ಹಾಕಿ, ಅರ್ಥಿಂಗ್ ವೈರಿನ ತುದಿ ಉಜ್ಜಿ ಬಿಗಿದು, ನಾನೂರು ರೂಪಾಯಿ ಕೇಳಿದರು. ಕಪ್ಲರಿಗೆ ನೂರು, ನೋಡಿದ್ದಕ್ಕೆ ಮುನ್ನೂರು.

ಹೊರಗೆ ಬಂದ ಮೇಲೆ ಭಾವ ಮೆಲ್ಲಗೆ, "ವೈರು ಕೆರೆದಿದ್ದಕ್ಕೆ ನಾನೂರಾ? ಜಾಸ್ತಿ ಆಯ್ತು" ಅಂದರು. ನಾನು ಈ ಬರಹ ಬರೆಯಲು ಕೂತಿದ್ದು ಈ ಮಾತಿಗಾಗಿ. ಯಾಕೆಂದರೆ ಆ ಗಳಿಗೆಯಲ್ಲಿ ನನಗೂ ಹಾಗೇ ಅನಿಸಿತ್ತು. ಉಪಯೋಗಕ್ಕೆ ಬಾರದ ಮೂರು ಪಾರ್ಟಿಗೆ ಆರೂವರೆ ಸಾವಿರ ಕೊಟ್ಟಾಗ ತುಟಿ ಪಿಟಕ್ಕೆನ್ನದ ಮನುಷ್ಯ ನಾನು! ಕೈಯಲ್ಲಿ ಹೊಸ ಡಬ್ಬಿ, ಬಿಲ್ಲು, ಹಳೇ ಪಾರ್ಟು ಇಟ್ಟರೆ ನಮಗೆ ಸಮಾಧಾನ. ತಲೆ ಓಡಿಸಿದ್ದಕ್ಕೆ ದುಡ್ಡು ಕೇಳಿದರೆ ಮೋಸ ಅನಿಸುತ್ತದೆ.

ಗ್ಯಾರೇಜಿನವರಿಗೆ ಇದು ಚೆನ್ನಾಗಿ ಗೊತ್ತು. ಅರ್ಧ ದಿನ ಹುಡುಕಿ ಒಂದು ಸಡಿಲ ವೈರು ಕಂಡುಹಿಡಿದರೆ ಗಿರಾಕಿ ಇನ್ನೂರು ಕೊಡಲೂ ಮುಖ ಕಿವುಚುತ್ತಾನೆ. ಪಾರ್ಟ್ ಬದಲಾಯಿಸಿದರೆ ಕೂಲಿಯೂ ಬಂತು, ಪಾರ್ಟಿನ ಮೇಲೆ ನಾಲ್ಕು ಕಾಸೂ ಉಳಿಯಿತು. ಬೆಂಗಳೂರಿನಲ್ಲಂತೂ ಜೆ.ಸಿ. ರಸ್ತೆಗೆ ಒಂದು ಸುತ್ತು ಹೋದರೆ ಹಳೇ ಕಾರಿಗೂ ಬೇಕಾದ ಪಾರ್ಟು ಬಹಳಷ್ಟು ಸಿಗುತ್ತದೆ. ಹಾಗಿರುವಾಗ ಅವರು ಯಾಕೆ ಹುಡುಕುತ್ತಾರೆ? "ಚೇಂಜ್ ಮಾಡಿ ನೋಡೋಣ" ಅನ್ನುವ ಮಾತನ್ನು ಅವರ ಬಾಯಿಗೆ ಹಾಕಿದವರು ನಾವೇ. ಊಹೆ ಅವರದ್ದು, ಊಹೆಯ ಖರ್ಚು ನಮ್ಮದು.

ಹೊಸ ಕಾರಿನವರು ನಗಬೇಡಿ. ನಿಮಗೆ ಕಾರಿನ ಕಂಪ್ಯೂಟರಿನಿಂದ ತೊಂದರೆಯ ಕೋಡ್ ಓದುವ ಸ್ಕ್ಯಾನರ್ ಇದೆ, ನಿಜ. ಆದರೆ ಸ್ಕ್ಯಾನರ್ ದೂರು ಹೇಳುತ್ತದೆ, ಕಳ್ಳನನ್ನು ಹಿಡಿದು ಕೊಡುವುದಿಲ್ಲ. ಪಿ0171 ಅಂತ ಕೋಡ್ ಬಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ ಅಂತ ಅರ್ಥ, ಅಷ್ಟೇ. ಬಿರುಕು ಬಿಟ್ಟ ರಬ್ಬರ್ ಕೊಳವೆಯಿಂದ ಗಾಳಿ ನುಸುಳುತ್ತಿರಬಹುದು, ಫ್ಯುಯೆಲ್ ಪಂಪ್ ಸೋತಿರಬಹುದು, ಸೆನ್ಸರ್ ಕೊಳೆಯಾಗಿರಬಹುದು. ಆ ಕೋಡ್ ನೋಡಿದ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಾಯಿಸುವುದೂ ಚೇಂಜ್ ಮಾಡಿ ನೋಡೋಣದ ತಮ್ಮನೇ.

ಹಾಸನದಿಂದ ಬಂದವನೇ ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಕೊಂಡೆ. ಬೆಲೆ ಒಂದು ಸಿನಿಮಾ ನೋಡಿ ಪಾಪ್‌ಕಾರ್ನ್ ತಿಂದಷ್ಟೂ ಆಗಲಿಲ್ಲ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಫುಲ್ ಇದೆ. 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಎಂಜಿನ್ ಚಾಲೂ ಇದ್ದಾಗ 13.8ರಿಂದ 14.4ರ ಸುಮಾರು ಬರುತ್ತಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ. ಜುಲೈನಲ್ಲಿ ಒಂದು ಬೆಳಿಗ್ಗೆ ಸೆಲ್ಫ್ ಬರೀ ಟಕ್ ಟಕ್ ಅಂತು. ಹಳೇ ನಾನಾಗಿದ್ದರೆ ಹೊಸ ಬ್ಯಾಟರಿ ಬಂದಿರುತ್ತಿತ್ತು. ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 12.5 ಇದೆ. ಟರ್ಮಿನಲ್ ನೋಡಿದರೆ ಬಿಳಿ ಬೂಷ್ಟು. ಕ್ಲಾಂಪ್ ಬಿಚ್ಚಿ, ಮೊದಲು ಮೈನಸ್, ಆಮೇಲೆ ಪ್ಲಸ್, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದೆ. ಒಂದೇ ಸೆಲ್ಫಿಗೆ ಸ್ಟಾರ್ಟ್.

ಹಾಗಂತ ಎಲ್ಲವನ್ನೂ ಕೆಟ್ಟ ಮೇಲೆ ನೋಡೋಣ ಅಂತಲ್ಲ. ರಬ್ಬರಿನ ವಿಷಯದಲ್ಲಿ ನಾನು ಕಾಯುವುದಿಲ್ಲ. ಕಾರು ಓಡಲಿ ಬಿಡಲಿ, ರಬ್ಬರಿಗೆ ವಯಸ್ಸಾಗುತ್ತದೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಕಿಲೋಮೀಟರ್ ಆಗಿಲ್ಲ ಅಂತ ವರ್ಷ ಎಣಿಸದೆ ಕೂರಬೇಡಿ, ಕೆಲವು ಎಂಜಿನ್ನಿನಲ್ಲಿ ಅದು ಹರಿದರೆ ವಾಲ್ವುಗಳೇ ಬಾಗುತ್ತವೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಅಂತಿದ್ದರೆ 2016ರ 23ನೇ ವಾರದಲ್ಲಿ ಆದ ಟೈರು. ನಮ್ಮ ಸ್ಟೆಪ್ನಿಯ ಅಂಕಿ ಓದಿ ನನಗೇ ನಾಚಿಕೆಯಾಯಿತು. ಗೆರೆಗಳು ಹೊಸದರಂತೆ, ವಯಸ್ಸು ನಮ್ಮ ಮಗಳಿಗಿಂತ ಜಾಸ್ತಿ.

ಪೆಟ್ರೋಲ್ ಕೊಳವೆಯಂತೂ ಈಗ ಇನ್ನೂ ಮುಖ್ಯ. ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲ್. 2004ರ ಕಾರಿನ ರಬ್ಬರನ್ನು ಅದಕ್ಕೆ ಅಂತ ಮಾಡಿದ್ದಲ್ಲ. ಮೈಲೇಜ್ ಬಗ್ಗೆ ಜಗಳ ನಡೆಯುತ್ತಲೇ ಇದೆ. ಹಳೇ ಪೆಟ್ರೋಲಿಗೆ ಮಾಡಿ, 10 ಪರ್ಸೆಂಟಿಗೆ ಹೊಂದಿಸಿದ ಕಾರುಗಳಲ್ಲಿ 6ರಿಂದ 7 ಪರ್ಸೆಂಟ್ ಇಳಿಯಬಹುದು ಅಂತ 2021ರಲ್ಲಿ ನೀತಿ ಆಯೋಗದ ವರದಿಯೇ ಹೇಳಿತ್ತು. ನನ್ನ ಚಿಂತೆ ಮೈಲೇಜಲ್ಲ. ಬೆಳಿಗ್ಗೆ ಬಾನೆಟ್ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ಅಂದೇ ನೋಡಿಸಬೇಕು, ಕೊಳವೆ ಬದಲಾಯಿಸಬೇಕು. ಅಲ್ಲಿ ಜಿಪುಣತನ ಬೇಡ, ಬೆಂಕಿಯ ವಿಷಯ.

ಇಷ್ಟೆಲ್ಲ ಯಾಕೆ, ಮಾರಿಬಿಡು ಅನ್ನುವವರಿದ್ದಾರೆ. ಸರ್ಕಾರವೂ ಅದನ್ನೇ ಮೆಲ್ಲಗೆ ಹೇಳುತ್ತಿದೆ. 2019ರಲ್ಲಿ ಕಾರಿಗೆ ಹದಿನೈದು ತುಂಬಿದಾಗ ನೋಂದಣಿ ನವೀಕರಣದ ಫೀಸು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2024ರಲ್ಲಿ ಅಷ್ಟು ಕಟ್ಟಿದ್ದೇವೆ. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ದಾಟಿದ ಕಾರಿಗೆ 10,000 ಅಂತ ಮಾಡಿದರು. 2029ಕ್ಕೆ ಎಷ್ಟಾಗಿರುತ್ತದೋ. ಆದರೂ ಹೊಸ ಕಾರಿನ ಒಂದು ತಿಂಗಳ ಕಂತು ಹತ್ತಿರ ಹತ್ತಿರ ಇಷ್ಟೇ ಅಲ್ವಾ? ಸದ್ಯಕ್ಕೆ ನನ್ನ ಲೆಕ್ಕ ಇಷ್ಟಕ್ಕೇ ನಿಂತಿದೆ.

ಹೋದ ವಾರ ಕಾರಿನ ಹಿಂದೆ ಹೊಸ ಸದ್ದು ಶುರುವಾಯಿತು. ಹಂಪ್ ಇಳಿಯುವಾಗ ಒಮ್ಮೆ ಗಡ, ತಿರುವಿನಲ್ಲಿ ಇನ್ನೊಮ್ಮೆ ಗಡ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದಿದ್ದ ಆ ಹುಡುಗನ ಹತ್ತಿರವೇ ಹೋದೆ. "ಏನನ್ನೂ ಬದಲಾಯಿಸಬೇಡಪ್ಪ. ಬರೀ ಹುಡುಕು. ಹುಡುಕಿದ್ದಕ್ಕೆ ಮುನ್ನೂರು ಕೊಡ್ತೀನಿ" ಅಂದೆ. "ನೋಡಿದ್ದಕ್ಕೂ ದುಡ್ಡಾ ಸಾರ್?" ಅಂತ ಅವನೇ ಕೇಳಿದ. ಕಾರಿನ ಕೆಳಗೆ ಮಲಗಿ ಅರ್ಧ ಗಂಟೆ ಶಾಕ್ ಅಬ್ಸಾರ್ಬರ್, ಬುಷ್, ಸೈಲೆನ್ಸರ್ ಎಲ್ಲ ಅಲ್ಲಾಡಿಸಿ ನೋಡಿದ. ಎಲ್ಲ ಬಿಗಿ. ನನ್ನನ್ನು ಓಡಿಸಲು ಹೇಳಿ, ತಾನು ಹಿಂದಿನ ಸೀಟಿನಲ್ಲಿ ಬಗ್ಗಿ ಕಿವಿಯಿಟ್ಟು ಎರಡು ಸುತ್ತು ಬಂದ. ಗಾಡಿ ನಿಲ್ಲಿಸಿ ಡಿಕ್ಕಿ ತೆಗೆದ. ಮ್ಯಾಟ್ ಎತ್ತಿದ.

ಸ್ಟೆಪ್ನಿಯ ಗುಳಿಯಲ್ಲಿ ಒಂದು ತೆಂಗಿನಕಾಯಿ. ಗೃಹಪ್ರವೇಶದಲ್ಲಿ ಅಮ್ಮನಿಗೆ ಕೊಟ್ಟಿದ್ದ ಚೀಲದಿಂದ ಯಾವಾಗಲೋ ಉರುಳಿಕೊಂಡಿತ್ತು.

ಮುನ್ನೂರು ತೆಗೆದುಕೊಳ್ಳಲು ಅವನು ಒಪ್ಪಲೇ ಇಲ್ಲ. ಜಗಳ ಮಾಡಿ ಜೇಬಿಗೆ ತುರುಕಿ ಬಂದೆ. ಕಾಯಿ ಒಡೆದರೆ ಒಳಗೆ ಪೂರಾ ಕೊಬ್ಬರಿಯಾಗಿತ್ತು. ಈಗಿನ ರೇಟಿಗೆ ಅದೇನು ಕಡಿಮೆಯಲ್ಲ ಅಂತ ಅಮ್ಮ ತೆಗೆದಿಟ್ಟಿದ್ದಾರೆ.