ಮಿರರ್‌ಲೆಸ್ ಎಂದರೆ ಮುಗಿಯಿತೇ?

ಒಳಗೆ ಕನ್ನಡಿಯಿರುವ ಹಳೆಯ ಡಿಎಸ್ಎಲ್ಆರ್ ಕ್ಯಾಮೆರಾ ಇಟ್ಟುಕೊಂಡವರು ಕ್ಯಾಮೆರಾ ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಆ ಕನ್ನಡಿಯಿಲ್ಲದ ಮಿರರ್‌ಲೆಸ್ ಕೊಳ್ಳುವುದೇ ಬಡ್ತಿ ಎಂಬ ಉಪದೇಶ ಶುರುವಾಗುತ್ತದೆ. ಆದರೆ 2019ರ ಕ್ಯಾನನ್ 200ಡಿ ಮಾರ್ಕ್ 2 ಡಿಎಸ್ಎಲ್ಆರ್ ಕೈಯಲ್ಲಿರುವವರಿಗೆ ಅದೇ ಕಂಪನಿಯ 2023ರ ಮಿರರ್‌ಲೆಸ್ ಆರ್100 ಹೆಚ್ಚಾಗಿ ಕೊಡುವುದಾದರೂ ಏನು? ಎರಡರಲ್ಲೂ 24.1 ಮೆಗಾಪಿಕ್ಸೆಲ್, ಎರಡರಲ್ಲೂ ಡಿಜಿಕ್ 8 ಪ್ರೊಸೆಸರ್. ಹಳೆಯದರ ಪರದೆಯನ್ನು ಬೇಕಾದತ್ತ ಹೊರಳಿಸಿ, ಬೆರಳಿನಿಂದ ಮುಟ್ಟಿ ಫೋಕಸ್ ಮಾಡಬಹುದು, ಹೊಸದರ ಪರದೆಯೋ ಹೊರಳುವುದೂ ಇಲ್ಲ, ಮುಟ್ಟಿದರೆ ಓಗೊಡುವುದೂ ಇಲ್ಲ. ಬ್ಯಾಟರಿ ಎರಡಕ್ಕೂ ಒಂದೇ ಆಗಿದ್ದರೂ, ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, ಅಂದರೆ ವ್ಯೂಫೈಂಡರ್‌ನಲ್ಲಿ, ನೋಡಿ ತೆಗೆದರೆ ಹಳೆಯದು ಒಂದು ಚಾರ್ಜಿಗೆ ಸುಮಾರು 1,070 ಚಿತ್ರ ಕೊಡುತ್ತದೆ ಎನ್ನುತ್ತದೆ ಕಂಪನಿಯ ಲೆಕ್ಕ. ಹೊಸದು ಅದರ ಅರ್ಧವನ್ನೂ ಮುಟ್ಟುವುದಿಲ್ಲ. ತೂಕ ಕಡಿಮೆ, ವ್ಯೂಫೈಂಡರ್‌ನಲ್ಲೇ ಎದುರಿನವರ ಕಣ್ಣು ಗುರುತಿಸಿ ಫೋಕಸ್ ಮಾಡುತ್ತದೆ ಎಂಬುದು ನಿಜ, ಒಪ್ಪೋಣ.

ಇನ್ನು ಹೊಸದರ ಜೊತೆಗೆ ಬರುವ 18–45 ಎಂಎಂ ಲೆನ್ಸ್: ಜೂಮ್ ಮಾಡಿದೊಡನೆ ಎಫ್/6.3ಕ್ಕೆ ಇಳಿದು ಕಡಿಮೆ ಬೆಳಕು ಒಳಬಿಡುವ ಅದನ್ನು ಮಂದ ಬೆಳಕಿನ ಕಲ್ಯಾಣ ಮಂಟಪಕ್ಕೆ ಒಯ್ದವರಿಗೇ ಗೊತ್ತು ಅದರ ಪಾಡು. ಹಳೆಯ ಲೆನ್ಸ್‌ಗಳನ್ನು ಹೊಸದರಲ್ಲಿ ಬಳಸಬೇಕೆಂದರೆ ಅವನ್ನು ಜೋಡಿಸುವ ಅಡಾಪ್ಟರ್‌ಗೆ ಬೇರೆ ದುಡ್ಡು ಸುರಿಯಬೇಕು. ಇರುವ ಕ್ಯಾಮೆರಾಕ್ಕೆ ಹೆಚ್ಚು ಬೆಳಕು ಒಳಬಿಡುವ 50 ಎಂಎಂ ಎಫ್/1.8 ಲೆನ್ಸ್ ಒಂದನ್ನು ಹಾಕಿಕೊಂಡರೆ ಸಾಕಲ್ಲವೇ ಎಂದು ಮಾತ್ರ ಯಾವ ಮಾರಾಟಗಾರನೂ ಬಾಯಿ ಬಿಡುವುದಿಲ್ಲ.