“ಎರಡು ದಿನದಲ್ಲಿ ಸರಿಹೋಗುತ್ತೆ” ಅನ್ನಬೇಡಿ, ದಯವಿಟ್ಟು

ಮೊನ್ನೆ ಸಂಜೆ ಅತ್ತಿಗೆ ಮನೆಗೆ ಹೋಗಿದ್ದೆ. ಬಂದಾಗಿನಿಂದ ಮನಸ್ಸು ಸರಿ ಇಲ್ಲ. ಹೇಳಬೇಕಾದದ್ದನ್ನು ಅಲ್ಲಿ ಅರ್ಧ ಹೇಳಿದೆ, ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ.

ಅವರ ಮನೆಯ ಪುಟ್ಟಿ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಹಿಂದೆ ಫೋಟೋ ಹಾಕಿದ್ದೆ, ಬಿಳಿ ಮೈ, ಒಂದು ಕಿವಿ ಮಾತ್ರ ಕಪ್ಪು. ಏಳು ವರ್ಷದಿಂದ ಆ ಮನೆಯಲ್ಲಿ ಅವಳೊಬ್ಬಳೇ ಬೆಕ್ಕು. ಬೆಳಿಗ್ಗೆ ಹಾಲಿನವರು ಬರುವ ಹೊತ್ತಿಗೆ ಗೇಟಿನ ಹತ್ತಿರ, ಮಧ್ಯಾಹ್ನ ಹೊಲಿಗೆ ಮೆಷಿನ್ ಮೇಲೆ, ರಾತ್ರಿ ಅತ್ತಿಗೆಯ ಕಾಲ ಬುಡದಲ್ಲಿ. ಮೊನ್ನೆ ಯಾರೋ ಪರಿಚಯದವರು ಎರಡು ತಿಂಗಳ ಹೆಣ್ಣು ಮರಿಯೊಂದನ್ನು ಕೊಟ್ಟರಂತೆ. ರಟ್ಟಿನ ಡಬ್ಬದಲ್ಲಿ ತಂದು ಹಾಲ್ ಮಧ್ಯೆ ತೆರೆದರು. ಮೆಷಿನ್ ಮೇಲೆ ಮಲಗಿದ್ದ ಪುಟ್ಟಿಯನ್ನು ಎತ್ತಿ ತಂದು ಮರಿಯ ಮುಖಕ್ಕೆ ಮುಖ ತಾಗಿಸಿದರು. “ನೋಡೇ, ನಿನಗೆ ಸವತಿ ಬಂದಳು!” ಎಲ್ಲರೂ ನಕ್ಕರು. ಮೂರು ಮೊಬೈಲಿನಲ್ಲಿ ವಿಡಿಯೋ.

ಪುಟ್ಟಿ ಬುಸ್ ಅಂದಳು. ಕಿವಿ ಎರಡೂ ತಲೆಗೆ ಅಂಟಿಕೊಂಡವು, ಬಾಲ ಊದಿಕೊಂಡಿತು. ಅದಕ್ಕೂ ನಗು. ಕೊನೆಗೆ ಅತ್ತಿಗೆಯ ಕೈ ಪರಚಿ ಬಿಡಿಸಿಕೊಂಡು ಅಡುಗೆಮನೆಯ ಸಜ್ಜದ ಮೇಲೆ ಹಾರಿದಳು. ಹಳೇ ಹಿತ್ತಾಳೆ ಪಾತ್ರೆಗಳ ಹಿಂದೆ ಹೋಗಿ ಕೂತಳು. ನಾನು ಮೂರು ಗಂಟೆ ಅಲ್ಲಿದ್ದೆ, ಇಳಿಯಲೇ ಇಲ್ಲ. “ಎಷ್ಟು ಹೊಟ್ಟೆಕಿಚ್ಚು ನೋಡು ಇವಳಿಗೆ” ಅಂದರು ಒಬ್ಬರು. “ಎರಡು ದಿನದಲ್ಲಿ ಸರಿಹೋಗುತ್ತೆ ಬಿಡು” ಅಂದರು ಇನ್ನೊಬ್ಬರು.

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಏನು ಸರಿಹೋಗುತ್ತೆ? ಯಾರಿಗೆ?

ಅದು ಹೊಟ್ಟೆಕಿಚ್ಚಲ್ಲ, ಹೆದರಿಕೆ. ಬೆಕ್ಕಿಗೆ ಮನೆ ಅಂದರೆ ವಾಸನೆ. ಬಾಗಿಲ ಚೌಕಟ್ಟಿಗೆ, ಕುರ್ಚಿ ಕಾಲಿಗೆ, ನಮ್ಮ ಮೊಣಕಾಲಿಗೆ ಬಂದು ಕೆನ್ನೆ ಉಜ್ಜುತ್ತದಲ್ಲ, ಆಗ ಕೆನ್ನೆಯ ಗ್ರಂಥಿಗಳಿಂದ ತನ್ನ ವಾಸನೆಯನ್ನು ಹಚ್ಚುತ್ತಿರುತ್ತದೆ. ದಿನಾ ಹಚ್ಚುತ್ತದೆ. ಈ ಜಾಗ ನನಗೆ ಗೊತ್ತು, ಇಲ್ಲಿ ಭಯವಿಲ್ಲ ಅನ್ನುವ ಧೈರ್ಯ ಅದಕ್ಕೆ ಬರುವುದು ಆ ವಾಸನೆಯಿಂದಲೇ. ಏಳು ವರ್ಷ ಹಚ್ಚಿ ಹಚ್ಚಿ ತನ್ನದು ಮಾಡಿಕೊಂಡ ಮನೆಯೊಳಗೆ ಒಂದೇ ನಿಮಿಷದಲ್ಲಿ ಬೇರೆ ಬೆಕ್ಕಿನ ವಾಸನೆ ತಂದು ಮೂಗಿಗೇ ಹಿಡಿದರೆ ಪುಟ್ಟಿ ಇನ್ನೇನು ಮಾಡಬೇಕಿತ್ತು? ಬೆಕ್ಕು ಬೇಟೆಗೆ ಒಂಟಿಯಾಗಿ ಹೋಗುವ ಪ್ರಾಣಿ. ಬೀದಿಯಲ್ಲಿ ನಾಲ್ಕೈದು ಬೆಕ್ಕು ಒಟ್ಟಿಗೆ ಇರುವುದನ್ನು ನೋಡಿರುತ್ತೀರಿ, ಅವು ಹೆಚ್ಚಾಗಿ ತಾಯಿ, ಮಕ್ಕಳು, ಅಕ್ಕತಂಗಿಯರು. ಹೊರಗಿನದು ಬಂದರೆ ಅವೂ ಓಡಿಸುತ್ತವೆ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತೀವಿ. ಮೊನ್ನೆ ಆ ಹಾಲ್‌ನಲ್ಲಿ ಚೆಲ್ಲಾಟ ನಮ್ಮದು, ಪ್ರಾಣಸಂಕಟ ಬೆಕ್ಕಿನದು.

ನನಗೆ ಇಷ್ಟು ಸಿಟ್ಟು ಬರಲು ಕಾರಣ ಇದೆ. ಇದನ್ನು ಇಲ್ಲಿ ಯಾವತ್ತೂ ಬರೆದಿಲ್ಲ. 2018ರಲ್ಲಿ ನಾನೂ ಇದನ್ನೇ ಮಾಡಿದ್ದೆ. ನಮ್ಮ ಬೆಳ್ಳಿಗೆ ಆಗ ಐದು ವರ್ಷ. ಮಳೆಯಲ್ಲಿ ಸಿಕ್ಕ ಕರಿಯನನ್ನು ಸೆರಗಿನಲ್ಲಿ ಸುತ್ತಿ ತಂದು ಅವಳ ಪಕ್ಕವೇ ಬಿಟ್ಟೆ. ಅವಳು ಗುರ್ ಅಂದಾಗ ಗದರಿದೆ. ಹೌದು, ಗದರಿದೆ. “ಪಾಪ ಮಗು ಕಣೇ, ಅಷ್ಟೂ ಗೊತ್ತಾಗಲ್ವಾ” ಅಂದೆ. ಅವಳ ತಟ್ಟೆಯಲ್ಲೇ ಅವನಿಗೂ ಹಾಕಿದೆ. ನಾಲ್ಕನೇ ರಾತ್ರಿ ಬೆಳ್ಳಿ ಕಿಟಕಿಯಿಂದ ಹೊರಗೆ ಹೋದಳು. ಒಂದು ತಿಂಗಳು ಹುಡುಕಿದೆ. ರಾತ್ರಿ ಟಾರ್ಚ್ ಹಿಡಿದು ಪಾರ್ಕಿನಲ್ಲಿ, ಖಾಲಿ ಸೈಟುಗಳಲ್ಲಿ ಕರೆದೆ. ಬರಲಿಲ್ಲ. ಕರಿಯನ ಮೇಲೆ ನನಗೆ ಎಷ್ಟು ಪ್ರೀತಿ ಅಂತ ನಿಮಗೆಲ್ಲ ಗೊತ್ತು. ಆದರೂ ಅವನು ಆ ಕಿಟಕಿಯಲ್ಲಿ ಕೂತಾಗೆಲ್ಲ ಅದು ಬೆಳ್ಳಿಯ ಜಾಗ ಅನ್ನಿಸುತ್ತದೆ.

“ಎರಡು ದಿನದಲ್ಲಿ ಸರಿಹೋಗುತ್ತೆ” ಅಂತ ಆಗ ನನಗೂ ಹೇಳಿದ್ದರು. ನಾನು ನಂಬಿದ್ದೆ.

ಈಗ ಕೆಲವರು ಹೇಳುತ್ತೀರಿ, ಹಳ್ಳಿಯಲ್ಲಿ ನಮ್ಮ ಅಜ್ಜಿ ಮನೆಯಲ್ಲಿ ಎಂಟು ಹತ್ತು ಬೆಕ್ಕು ಇರುತ್ತಿದ್ದವು, ಯಾರು ಪರಿಚಯ ಮಾಡಿಸುತ್ತಿದ್ದರು ಅಂತ. ನನ್ನ ಅಜ್ಜಿ ಮನೆಯಲ್ಲೂ ಇದ್ದವು. ಆದರೆ ಅಲ್ಲಿ ಅಟ್ಟ ಇತ್ತು, ಕೊಟ್ಟಿಗೆ ಇತ್ತು, ಹುಲ್ಲಿನ ಬಣವೆ ಇತ್ತು, ಹಿತ್ತಿಲು ದಾಟಿದರೆ ತೋಟ ಇತ್ತು. ಆಗದಿದ್ದವು ದೂರ ಹೋಗುತ್ತಿದ್ದವು. ಎಷ್ಟು ಮರಿ ಉಳಿದವು, ಎಷ್ಟು ಸತ್ತವು, ಯಾವ ಗಂಡುಬೆಕ್ಕು ಕಾದಾಡಿ ಕೀವು ತುಂಬಿದ ಗಾಯದಲ್ಲಿ ಹೋಯಿತು, ಯಾರೂ ಲೆಕ್ಕ ಇಡಲಿಲ್ಲ. ಎರಡು ಬೆಡ್‌ರೂಮಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತು ಆ ಮಾತು ಆಡಬೇಡಿ.

2022ರಲ್ಲಿ ಗೌರಿಯನ್ನು ತಂದಾಗ ನಾನು ಆತುರ ಮಾಡಲಿಲ್ಲ. ಮೊದಲು ಡಾಕ್ಟರ ಹತ್ತಿರ ತೋರಿಸಿದೆ, ಆಮೇಲೆ ನೇರ ಮೇಲಿನ ಕೋಣೆಗೆ. ಅವಳದೇ ಊಟದ ತಟ್ಟೆ, ನೀರು, ಮರಳಿನ ಟ್ರೇ, ಅಡಗಿಕೊಳ್ಳಲು ರಟ್ಟಿನ ಡಬ್ಬ. ಎರಡು ವಾರ ಕರಿಯ ಅವಳ ಮುಖ ನೋಡಲಿಲ್ಲ. ಪರಿಚಯಕ್ಕೆ ಮಾತ್ರ ಅಲ್ಲ, ಕಾಯಿಲೆಗೂ ಇದು ಬೇಕು. ಪ್ಯಾನ್‌ಲ್ಯುಕೋಪೀನಿಯಾ ಅಂತ ಒಂದು ವೈರಸ್ ಇದೆ, ವಾಂತಿ ಭೇದಿ ಹತ್ತಿ ಮರಿಗಳು ಎರಡು ಮೂರು ದಿನದಲ್ಲೇ ಹೋಗಿಬಿಡುತ್ತವೆ. ಮನೆಯೊಳಗೆ ಆ ವೈರಸ್ ಒಂದು ವರ್ಷದವರೆಗೂ ಉಳಿಯಬಹುದು. ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ಆಗುವವರೆಗೆ. ಹಳೇ ಬೆಕ್ಕಿನ ಲಸಿಕೆ ಯಾವಾಗ ಆಗಿತ್ತು ಅಂತಲೂ ನೋಡಿಕೊಳ್ಳಬೇಕು. ಅತ್ತಿಗೆಯನ್ನು ಕೇಳಿದರೆ ಪುಟ್ಟಿಗೆ ಲಸಿಕೆ ಹಾಕಿಸಿ ನಾಲ್ಕು ವರ್ಷ ಆಯಿತಂತೆ.

ಎರಡು ವಾರ ಸುಮ್ನೆ ಕೂತಿರಲಿಲ್ಲ. ಹಳೇ ಪಂಚೆಯ ತುಂಡನ್ನು ಗೌರಿಯ ಕೆನ್ನೆಗೆ ಒರೆಸಿ ಕರಿಯ ಊಟ ಮಾಡುವ ಜಾಗದ ಹತ್ತಿರ ಇಟ್ಟೆ. ಮೊದಲ ದಿನ ಮೂಸಿ ಬುಸ್ ಅಂದು ಊಟ ಬಿಟ್ಟು ಹೋದ. ದೂರ ಇಟ್ಟೆ. ಐದನೇ ದಿನ ಅದರ ಪಕ್ಕವೇ ಕೂತು ಬಂಗುಡೆ ತಿಂದ. ಅವನ ಬಟ್ಟೆ ಅವಳಿಗೆ, ಅವಳದು ಅವನಿಗೆ. ಆಮೇಲೆ ಮುಚ್ಚಿದ ಬಾಗಿಲಿನ ಆಚೆ ಈಚೆ ಇಬ್ಬರಿಗೂ ಒಂದೇ ಹೊತ್ತಿಗೆ ಊಟ. ಮುಖ ನೋಡಿಸಿದ್ದು ಸೊಳ್ಳೆ ಪರದೆಯ ಬಾಗಿಲಿನ ಹಿಂದಿನಿಂದ, ಅದೂ ಎರಡು ನಿಮಿಷ, ಬೇಯಿಸಿದ ಕೋಳಿ ಚೂರು ಕೊಡುತ್ತಾ. ಬುಸ್ ಅಂದರೆ ಗದರಲಿಲ್ಲ. ಬೆಕ್ಕು ಹತ್ತಿರ ಬರಬೇಡ ಅನ್ನುವುದೇ ಹಾಗೆ, ಅದಕ್ಕೆ ಗದರಿದರೆ ಮುಂದೆ ಹೇಳದೆ ಕಚ್ಚುತ್ತದೆ. ಕಣ್ಣು ಮಿಟುಕಿಸದೆ ದಿಟ್ಟಿಸುತ್ತಾ ಮೈ ಬಿಗಿ ಮಾಡಿಕೊಂಡರೆ ಮಾತ್ರ ನಡುವೆ ರಟ್ಟು ಹಿಡಿದು ಮರೆ ಮಾಡುತ್ತಿದ್ದೆ. ಕೈ ಹಾಕಲಿಲ್ಲ.

ಪರದೆ ಬಾಗಿಲು ತೆರೆದದ್ದು 26ನೇ ದಿನ. ಎರಡು ಬೆಕ್ಕಿಗೆ ಮೂರು ಮರಳಿನ ಟ್ರೇ, ಬೇರೆ ಬೇರೆ ಜಾಗದಲ್ಲಿ. ಕರಿಯನ ಕಿಟಕಿ ಕರಿಯನಿಗೇ. ಮುದ್ದು ಮೊದಲು ಅವನಿಗೆ, ಆಮೇಲೆ ಅವಳಿಗೆ. ಈಗಲೂ ಇಬ್ಬರೂ ಅಂಟಿಕೊಂಡು ಮಲಗುವುದಿಲ್ಲ. ಒಂದು ಮೊಳ ದೂರ ಮಲಗುತ್ತಾರೆ. ನನಗೆ ಅಷ್ಟು ಸಾಕು. ತಬ್ಬಿಕೊಂಡ ಫೋಟೋ ಸಿಗಲಿ ಅಂತ ಬೆಕ್ಕು ಸಾಕುವುದಲ್ಲ, ಅಲ್ವಾ?

ಟೈಮ್ ಎಲ್ಲಿದೆ ಅನ್ನುವವರಿಗೆ ನಾನು ಕೇಳುವುದು ಒಂದೇ. ಮರಿ ತರಲು ಟೈಮ್ ಇತ್ತು, ವಿಡಿಯೋ ಮಾಡಲು ಇತ್ತು. ದಿನಕ್ಕೆ ಅರ್ಧ ಗಂಟೆ ಬಾಗಿಲ ಹತ್ತಿರ ಕೂರಲು ಇಲ್ಲ ಅಂದರೆ ಎರಡನೇ ಬೆಕ್ಕು ತರಬೇಡಿ. ಹಳೇ ಬೆಕ್ಕು ಏನೂ ತಿನ್ನದೆ ಕೂತರೆ ಎರಡು ಮೂರು ದಿನ ಸಾಕು, ಲಿವರ್‌ಗೆ ತೊಂದರೆ ಶುರುವಾಗಲು. ಗಂಡಾದರೆ ಒತ್ತಡಕ್ಕೆ ಮೂತ್ರ ಕಟ್ಟಿಕೊಳ್ಳಬಹುದು, ಕಟ್ಟಿದರೆ ಜೀವಕ್ಕೇ ಬರುತ್ತದೆ. ನೀವು ಸರಿಹೋಗುತ್ತೆ ಅಂತ ಕಾಯುವ ಆ ಎರಡು ದಿನದಲ್ಲೇ ಇದೆಲ್ಲ ಆಗುವುದು.

ನಿನ್ನೆ ಬೆಳಿಗ್ಗೆ ಅತ್ತಿಗೆಗೆ ಫೋನ್ ಮಾಡಿದೆ. ಪುಟ್ಟಿ ರಾತ್ರಿಯೆಲ್ಲ ಸಜ್ಜದ ಮೇಲೇ ಇದ್ದಳಂತೆ. ನನಗೆ ಅಳು ಬಂತು, ಅದು ಅವರಿಗೂ ಕೇಳಿಸಿತು ಅನ್ನಿಸುತ್ತದೆ. ಅವರು ಕೆಟ್ಟವರಲ್ಲ. ಪುಟ್ಟಿಗೆ ಜ್ವರ ಬಂದಾಗ ಇಡೀ ರಾತ್ರಿ ಮಡಿಲಲ್ಲಿ ಇಟ್ಟುಕೊಂಡು ಕೂತವರು. ಸುಮ್ಮನೆ ಕೇಳಿಸಿಕೊಂಡರು. ಮಾವನ ಕೋಣೆ ಖಾಲಿ ಇದೆಯಲ್ಲ, ಮರಿಯನ್ನು ಅಲ್ಲಿ ಬಿಟ್ಟು ಬಾಗಿಲು ಹಾಕಿ ಅಂದೆ. ಮರಿ ಮಲಗಿದ ಬಟ್ಟೆಗಳನ್ನು ಒಗೆಯಿರಿ, ನೆಲ ಒರೆಸಿ, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ಹೊಲಿಗೆ ಮೆಷಿನ್ ಮೇಲಿನ ಪುಟ್ಟಿಯ ಬಟ್ಟೆಯನ್ನು ಮಾತ್ರ ಹಾಗೇ ಬಿಡಿ ಅಂದೆ. ನಾಳೆ ಎರಡನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ, ಎರಡು ಬೇರೆ ಬುಟ್ಟಿಯಲ್ಲಿ.

ಈಗ, ಇದನ್ನು ಬರೆಯುವಾಗ, ಅತ್ತಿಗೆಯ ಮಗಳು ಮೆಸೇಜ್ ಮಾಡಿದಳು. “ಅತ್ತೆ, ಪುಟ್ಟಿ ಇಳಿದು ಬಂದಳು. ಎರಡು ತುತ್ತು ತಿಂದಳು. ಈಗ ಅಜ್ಜನ ಕೋಣೆ ಬಾಗಿಲ ಸಂದಿನಲ್ಲಿ ಮೂಸುತ್ತಾ ಕೂತಿದ್ದಾಳೆ. ಏನು ಮಾಡಲಿ?”

ಏನೂ ಮಾಡಬೇಡ ಕಂದ, ಹಾಗೇ ಕೂತಿರಲಿ ಬಿಡು ಅಂತ ಬರೆದೆ.