ಋಣ ನಲವತ್ತೆರಡು

ಕಳೆದ ಭಾನುವಾರ ಸಂಜೆ ಮನೆಗೆ ಬಂದಿದ್ದ ಹಿರಿಯರೊಬ್ಬರು ಚಹಾದ ಕಪ್ಪನ್ನು ತುಟಿಯವರೆಗೆ ಒಯ್ದವರು, ಟಿವಿಯ ಕೆಳಗಿನ ಕಪ್ಪು ಪೆಟ್ಟಿಗೆಯ ಮುಖದಲ್ಲಿ ಹೊಳೆಯುತ್ತಿದ್ದ ಅಂಕಿಯನ್ನು ಕಂಡು ಅದನ್ನು ಹಾಗೆಯೇ ಕೆಳಗಿಟ್ಟರು. ಅಲ್ಲಿ –42 ಎಂದಿತ್ತು. ಅವರು ಆಯುಷ್ಯವನ್ನೆಲ್ಲ ಬ್ಯಾಂಕಿನ ಲೆಡ್ಜರಿನ ಮುಂದೆ ಕಳೆದು ನಿವೃತ್ತರಾದವರು. ಅಂಕಿಯೊಂದರ ಎಡಕ್ಕೆ ಅಡ್ಡಗೆರೆ ಕಂಡರೆ ಅದರ ಕಾರಣ ತಿಳಿಯುವ ತನಕ ಅವರಿಗೆ ಚಹಾ ಇಳಿಯುವುದಿಲ್ಲ. "ಇದ್ಯಾಕ್ರೀ ಮೈನಸ್‌ನಾಗ ಅದ?" ಎಂದು ಕೇಳಿದರು. ಸಿನಿಮಾ ಮಂದಿರದಲ್ಲಿ ಕೇಳಿಸುವ ಸದ್ದಿನ ಮಟ್ಟವನ್ನು ಸೊನ್ನೆ ಎಂದು ಹಿಡಿದಿರುತ್ತಾರೆ, ಮನೆಯಲ್ಲಿ ನಾವು ಅದಕ್ಕಿಂತ ಎಷ್ಟು ಕೆಳಗಿದ್ದೇವೆ ಎಂಬುದನ್ನು ಈ ಅಂಕಿ ಹೇಳುತ್ತದೆ, ಸೊನ್ನೆಯ ತನಕ ಏರಿಸಿದರೆ ಒಂದೊಂದು ಸ್ಪೀಕರಿನಿಂದಲೂ 105 ಡೆಸಿಬೆಲ್‌ವರೆಗಿನ ಸದ್ದು ಬರಬೇಕೆಂಬ ಲೆಕ್ಕವಿದೆ, ಹಾಗೆ ಬಂದರೆ ನಾವಿಬ್ಬರೂ ಈ ಕೋಣೆಯಲ್ಲಿ ಇರಲಾರೆವು ಎಂದು ನಾನು ವಿವರಿಸಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಅಂದ್ರ ಇಷ್ಟು ರೊಕ್ಕ ಹಾಕಿ ಇನ್ನಾ ಸೊನ್ನೀಗೂ ಬಂದಿಲ್ಲ ಅಂದಂಗಾತು" ಎಂದರು.

ನಮ್ಮ ಭಾಷೆಯಲ್ಲಿ ಋಣವೆಂದರೆ ಕಳೆಯುವ ಚಿಹ್ನೆಯೂ ಹೌದು, ಸಾಲವೂ ಹೌದು. ಪೆಟ್ಟಿಗೆಯ ಕಂತುಗಳಲ್ಲಿ ಇನ್ನೂ ನಾಲ್ಕು ಬಾಕಿ ಇರುವುದರಿಂದ ಅವರ ಮಾತನ್ನು ನಾನು ತಳ್ಳಿಹಾಕಲಾಗಲಿಲ್ಲ. ಐವತ್ತು ಸಾವಿರದ ಆಸುಪಾಸಿನ ಎವಿ ರಿಸೀವರ್ ಅದು, ಅಂದರೆ ಟಿವಿಯ ಸದ್ದನ್ನು ಐದು ಸ್ಪೀಕರುಗಳಿಗೂ ಮಂದ್ರದ ಸದ್ದಿಗೆಂದೇ ಇರುವ ಸಬ್‌ವೂಫರಿಗೂ ಹಂಚಿಕೊಡುವ ಯಂತ್ರ. ಮಾರುವವರು ಇದನ್ನು ಮಧ್ಯಮ ದರದ್ದು ಎನ್ನುತ್ತಾರೆ. ಮಧ್ಯಮ ದರವೆಂದರೆ, ಕೊಳ್ಳುವಾಗ ಮನೆಯವರ ಮುಂದೆ ಬೆಲೆಯನ್ನು ಹೇಳಲಾಗದಷ್ಟು ಹೆಚ್ಚು, ಕೊಂಡ ಮೇಲೆ ಬಲ್ಲವರ ಮುಂದೆ ಹೆಸರನ್ನು ಹೇಳಲಾಗದಷ್ಟು ಕಡಿಮೆ. ಹೈದರಾಬಾದಿನ ಕೋಠಿಯಲ್ಲಿ ಕೊಂಡು, ಹತ್ತು ಕಿಲೋ ಭಾರವನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಲಬುರಗಿಗೆ ತಂದೆ. ವಾಡಿ ಬರುವಷ್ಟರಲ್ಲಿ ಎದುರಿಗೆ ಕುಳಿತವರೆಲ್ಲ ಅದರ ಬೆಲೆ ಕೇಳಿಯಾಗಿತ್ತು. ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿದ್ದೆ.

ಸುಳ್ಳನ್ನು ನನಗೆ ಕಲಿಸಿದ್ದು ಅದೇ ಡಬ್ಬದ ಮೇಲಿನ ವ್ಯಾಟಿನ ಅಂಕಿ ಎಂದರೆ ತಪ್ಪಾಗದು. ಹೊರಗಿನ ರಟ್ಟಿನ ಮೇಲೆ ಹೆಬ್ಬೆರಳಿನ ಗಾತ್ರದಲ್ಲಿ ಚಾನೆಲ್ಲಿಗೆ, ಅಂದರೆ ಒಂದೊಂದು ಸ್ಪೀಕರಿಗೆ, ಇಷ್ಟು ವ್ಯಾಟ್ ಎಂದು ಮುದ್ರಿಸಿರುತ್ತಾರೆ. ಒಳಗಿನ ಪುಸ್ತಿಕೆಯ ಕೊನೆಯ ಪುಟದಲ್ಲಿ, ಇರುವೆಯ ಕಾಲಿನಂತಹ ಅಕ್ಷರದಲ್ಲಿ, ಆ ಅಂಕಿ ಒಂದೇ ಚಾನೆಲ್ ನುಡಿಯುತ್ತಿರುವಾಗ, 1 ಕಿಲೋಹರ್ಟ್ಜ್‌ನ ಒಂದೇ ಸ್ವರಕ್ಕೆ, 6 ಓಮ್ ಹೊರೆಗೆ, ಶೇಕಡ 10ರಷ್ಟು ಸ್ವರ ಕೆಟ್ಟರೂ ಅಡ್ಡಿಯಿಲ್ಲವೆಂಬ ಷರತ್ತಿನ ಮೇಲೆ ಅಳೆದದ್ದು ಎಂದು ತಪ್ಪೊಪ್ಪಿಗೆ ಇರುತ್ತದೆ. ತೊಗರಿಯನ್ನು ಹೊಟ್ಟು, ಹರಳು, ಗೋಣಿಚೀಲ ಸಮೇತ ತೂಗಿ ಕಾಳಿನ ದರ ಹಾಕುವ ವ್ಯಾಪಾರಿಯನ್ನು ನಮ್ಮ ಗಂಜಿನಲ್ಲಿ ರೈತರು ಅಂಗಡಿಯಿಂದ ಇಳಿದು ಬರಲು ಬಿಡುವುದಿಲ್ಲ. ಇಲ್ಲಿ ಮಾತ್ರ ನಾವು ರಟ್ಟನ್ನು ಜೋಪಾನವಾಗಿ ಅಟ್ಟದ ಮೇಲೆ ಎತ್ತಿಡುತ್ತೇವೆ. ಇಷ್ಟಾಗಿ, ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಈ ಸಂಗತಿ ಕೊಳ್ಳುವ ಮುನ್ನ ತಿಳಿದಿದ್ದರೆ ಒಂದು ಕಂತಾದರೂ ಉಳಿಯುತ್ತಿತ್ತು.

ಊರಿನಲ್ಲಿ ನನ್ನಂತೆಯೇ ಪೆಟ್ಟಿಗೆ ಹೊತ್ತು ತಂದ ಮೂವರ ಪರಿಚಯ ನನಗಿದೆ. ಒಬ್ಬರದು ದೀಪಾವಳಿಯ ಸುಣ್ಣಬಣ್ಣ ಮುಗಿದ ಮರುದಿನದಿಂದ ಕೆಂಪು ದೀಪ ಮಿಟುಕಿಸುತ್ತ ಮೌನವಾಯಿತು. ಅವರು ಅದನ್ನು ಮತ್ತೆ ರೈಲಿಗೆ ಹಾಕಿ ಹೈದರಾಬಾದಿಗೆ ಒಯ್ದರು, ಅಲ್ಲಿಯ ಮೆಕ್ಯಾನಿಕ್ ಸ್ಪೀಕರ್ ತಂತಿ ಸಿಕ್ಕಿಸುವ ಜಾಗದಲ್ಲಿ ಪಕ್ಕದ ಲೋಹಕ್ಕೆ ತಗುಲಿಕೊಂಡು ತುಂಡಾಗಿ ಉಳಿದಿದ್ದ ತಾಮ್ರದ ಒಂದೇ ಒಂದು ಎಳೆಯನ್ನು ಚಿಮಟಿಗೆಯಲ್ಲಿ ಎತ್ತಿ ತೋರಿಸಿ ಎರಡು ಸಾವಿರ ರೂಪಾಯಿ ತೆಗೆದುಕೊಂಡನು. ಇನ್ನೊಬ್ಬರು ಮೇ ತಿಂಗಳ ಬಿಸಿಲಿಗೆ ಹೆದರಿ ಪೆಟ್ಟಿಗೆಯ ನೆತ್ತಿಯ ಮೇಲೆ ಕಂಪ್ಯೂಟರಿನ ಎರಡು ಪುಟ್ಟ ಫ್ಯಾನುಗಳನ್ನು ಕೂರಿಸಿದ್ದಾರೆ. ಯಾವ ದೂರೂ ಇಲ್ಲದವರು ಮೂರನೆಯವರೊಬ್ಬರೇ. ಅವರ ಹೊಸಮನೆ ಇನ್ನೂ ಮುಗಿದಿಲ್ಲವಾದ್ದರಿಂದ ಅವರು ಡಬ್ಬವನ್ನು ಒಡೆದೇ ಇಲ್ಲ.

ನಮ್ಮ ಮನೆಯಲ್ಲಿ ಬಿಸಿಯ ಪ್ರಶ್ನೆಯನ್ನು ಅವ್ವ ಬೇರೆ ರೀತಿಯಲ್ಲಿ ಬಗೆಹರಿಸಿದ್ದಾಳೆ. ಹಳೆಯ ರೇಡಿಯೋದ ಮೇಲೆ ಹೊದಿಸುತ್ತಿದ್ದ ಕ್ರೋಶಾ ಬಟ್ಟೆಯನ್ನು ಮೊದಲ ದಿನವೇ ಇದಕ್ಕೂ ಹೊದಿಸಿದಳು. ಗಾಳಿಯಾಡುವ ಸೀಳುಗಳನ್ನು ಮುಚ್ಚಬಾರದೆಂದು ನಾನು ತೆಗೆದೆ, ಅವಳು ಹೊದಿಸಿದಳು, ಹದಿನೈದು ದಿನ ಹೀಗೆ ನಡೆಯಿತು. ಡಿಸೆಂಬರಿನ ಒಂದು ಸಂಜೆ ಬಟ್ಟೆಯನ್ನು ಎತ್ತಿದರೆ ಅದರಡಿಯಲ್ಲಿ ಸ್ಟೀಲಿನ ಡಬ್ಬಿಯೊಂದು ಇತ್ತು, ಡಬ್ಬಿಯೊಳಗೆ ಹೆಪ್ಪು ಹಾಕಿದ ಹಾಲಿತ್ತು. ಚಳಿಗೆ ಮೊಸರು ಕೂಡುವುದಿಲ್ಲ, ಇದರ ಮೇಲಿಟ್ಟರೆ ಸಂಜೆಯ ಧಾರಾವಾಹಿಗಳೆಲ್ಲ ಮುಗಿಯುವುದರೊಳಗೆ ಕೊಯ್ದರೆ ಹೋಳಾಗುವಂತೆ ಕೂಡುತ್ತದೆ ಎಂದು ಅವಳು ನಿರ್ವಿಕಾರವಾಗಿ ಹೇಳಿದಳು. ಕೂಡುತ್ತಿತ್ತು, ಅದು ನಿಜ.

ಈ ಪೆಟ್ಟಿಗೆಯಿಂದ ನಾನು ಕಲಿತ ಒಂದು ಮಾತಿದೆ, ಅದನ್ನು ಹೇಳಬೇಕೆಂದೇ ಬರೆಯಲು ಕುಳಿತದ್ದು. ಆದರೆ ಅದಕ್ಕೂ ಮೊದಲು ಮೈಕಿನ ಸಂಗತಿಯನ್ನು ಹೇಳದೆ ವಿಧಿಯಿಲ್ಲ.

ಡಬ್ಬದೊಳಗೆ ಗೋಪುರದಾಕಾರದ ಪುಟ್ಟ ಮೈಕು ಬಂದಿರುತ್ತದೆ. ಅದನ್ನು ನಾವು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಇಟ್ಟರೆ, ಯಂತ್ರವು ಒಂದೊಂದೇ ಸ್ಪೀಕರಿನಿಂದ ಚುರ್ ಚುರ್ ಎಂದು ಸದ್ದು ಹೊರಡಿಸಿ, ಅದು ಮರಳಿ ಬಂದ ಬಗೆಯಿಂದ ಕೋಣೆಯ ಗುಣದೋಷಗಳನ್ನು ತಿಳಿದು, ತಾನೇ ಎಲ್ಲವನ್ನೂ ಹೊಂದಿಸಿಕೊಳ್ಳುತ್ತದೆ. ಒಂದೇ ಕಡೆ ಅಲ್ಲ, ಎಂಟು ಕಡೆ ಇಡಬೇಕು. ಕೋಣೆ ನಿಶ್ಶಬ್ದವಾಗಿರಬೇಕು ಎಂಬುದೊಂದೇ ಷರತ್ತು. ಈ ಒಂದೇ ಷರತ್ತನ್ನು ಬರೆದವರು ಯಾವ ದೇಶದವರೋ ಏನೋ, ಬೇಸಿಗೆಯ ಕಲಬುರಗಿಯಲ್ಲಿ ಒಂದು ಮಧ್ಯಾಹ್ನ ಕಳೆದವರಂತೂ ಅಲ್ಲ.

ಮೊದಲ ದಿನ ಸ್ಟೂಲಿನ ಮೇಲೆ ಬೋರಲು ಬಕೆಟ್ಟು, ಬಕೆಟ್ಟಿನ ಮೇಲೆ ಜೋಳದ ಡಬ್ಬಿ, ಡಬ್ಬಿಯ ಮೇಲೆ ಮೈಕನ್ನು ಕೂರಿಸಿ ಗುಂಡಿ ಒತ್ತಿದೆ. ಸುತ್ತಲಿನ ಸದ್ದು ಅತಿಯಾಗಿದೆ ಎಂದು ಪರದೆಯ ಮೇಲೆ ಮೂಡಿತು. ಕೂಲರನ್ನು ಆರಿಸಿದೆ. ಹೊರಗೆ ನಲವತ್ತಮೂರು ಡಿಗ್ರಿ ಇದ್ದಿರಬೇಕು. ಕೂಲರ್ ನಿಂತ ಐದನೆಯ ನಿಮಿಷಕ್ಕೆ ಮಕ್ಕಳು ಬಾಡಿದ ಮೆಂತೆಸೊಪ್ಪಿನಂತೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಒರಗಿದರು. ಫ್ಯಾನನ್ನೂ ಆರಿಸಿದೆ. ಪುನಃ ಒತ್ತಿದರೆ ಯಂತ್ರವು ಎಡಗಡೆಯ ಸ್ಪೀಕರಿನಿಂದ ಎರಡು ಸಲ ಚುರ್ ಎಂದು, ಮತ್ತೆ ಅದೇ ಮಾತನ್ನು ಬರೆಯಿತು. ಕಿವಿಗೊಟ್ಟು ಕೇಳಿದೆ. ಪಟ್, ಪಟ್, ಪಟ್ ಎಂಬ ಸದ್ದು, ತಪ್ಪದ ತಾಳದಲ್ಲಿ, ಅಡುಗೆಮನೆಯಿಂದ ಬರುತ್ತಿತ್ತು. ಹುಟ್ಟಿದಂದಿನಿಂದ ಕೇಳುತ್ತ ಬಂದದ್ದರಿಂದ ಅದೊಂದು ಸದ್ದೆಂಬುದೇ ನನಗೆ ಮರೆತುಹೋಗಿತ್ತು. ಒಳಗೆ ಹೋಗಿ, ಐದೇ ನಿಮಿಷ ನಿಲ್ಲಿಸಲಾದೀತೇ ಎಂದು ಕೇಳಿದೆ. ಹೆಂಡತಿ ಕೈಯಲ್ಲಿದ್ದ ಹಿಟ್ಟನ್ನು ಹಾಗೆಯೇ ಹಿಡಿದು, "ಏನು, ರೊಟ್ಟಿ ಬಡಿಯೋದು ನಿಲ್ಲಸ್ಲ್ಯಾ? ಅದಕ್ಕ?" ಎಂದಳು. 'ಅದಕ್ಕ' ಎಂಬ ಮಾತನ್ನು ಅವಳು ಹೇಳಿದ ರೀತಿಯನ್ನು ಬರೆದು ತೋರಿಸಲು ನನ್ನಿಂದಾಗದು. ನಾನು ಹೊರಗೆ ಬಂದೆ. ಅಷ್ಟರಲ್ಲಿ ಹಳೆಯ ಕಬ್ಬಿಣ ಕೊಳ್ಳುವವನ ಗಾಡಿ ತನ್ನ ರೆಕಾರ್ಡನ್ನು ಹಾಕಿಕೊಂಡು ಓಣಿಯ ತಿರುವಿನಲ್ಲಿ ನಿಂತಿತು, ಅದು ಹೋದ ಮೇಲೆ ಪಕ್ಕದ ಮನೆಯ ಬೋರ್ ಮೋಟರ್ ಶುರುವಾಯಿತು, ಅದು ನಿಂತ ಮೇಲೆ ನಮ್ಮದೇ ಮನೆಯ ಫ್ರಿಜ್ಜು ಗುರುಗುಟ್ಟಿತು.

ರಾತ್ರಿಯೇ ಸರಿ ಎಂದು ನಿಶ್ಚಯಿಸಿದೆ. ಹನ್ನೊಂದರ ಹೊತ್ತಿಗೆ ನಾಯಿಗಳು ಸಭೆ ಸೇರಿದವು. ಹನ್ನೆರಡಕ್ಕೆ ಅವು ಚದುರಿದಾಗ ಗೋಡೆಯ ಗಡಿಯಾರ ಎಷ್ಟು ಜೋರಾಗಿ ನಡೆಯುತ್ತದೆಂಬುದು ಮೊದಲ ಬಾರಿಗೆ ಗೊತ್ತಾಗಿ, ಅದನ್ನು ಇಳಿಸಿ ಹಾಸಿಗೆಯ ರಾಶಿಯೊಳಗೆ ಹುಗಿದೆ. ಒಂದೂವರೆಗೆ ಇದ್ದಕ್ಕಿದ್ದಂತೆ ಎಲ್ಲವೂ ನಿಂತಿತು. ಫ್ರಿಜ್ಜು ನಿಂತಿತು, ಪಕ್ಕದವರ ಕೂಲರ್ ನಿಂತಿತು, ಓಣಿಯ ಕೊನೆಯ ಹಿಟ್ಟಿನ ಗಿರಣಿಯ ಕಡೆಯಿಂದ ಹಗಲೂ ಇರುಳೂ ಬರುವ ಗುಂಯ್ ಎಂಬ ನಾದವೂ ನಿಂತಿತು. ಅಂತಹ ಮೌನವನ್ನು ನಾನು ಈ ಊರಿನಲ್ಲಿ ಎಂದೂ ಕೇಳಿರಲಿಲ್ಲ. ಕತ್ತಲೆಯಲ್ಲಿ ಹಿಗ್ಗಿ ರಿಮೋಟಿನ ಗುಂಡಿ ಒತ್ತಿದೆ, ಏನೂ ಆಗಲಿಲ್ಲ. ಕರೆಂಟು ಹೋಗಿತ್ತು.

ಎರಡೂವರೆಗೆ ಕರೆಂಟು ಬಂತು. ಅದರ ಬೆನ್ನಿಗೇ ಓಣಿಯಲ್ಲಿ ಯಾರೋ "ನಳ ಬಂದಾವ" ಎಂದು ಕೂಗಿದರು, ಹತ್ತು ಮನೆಗಳ ಮೋಟರುಗಳು ಒಟ್ಟಿಗೆ ಎದ್ದವು, ನಾನೂ ಕೊಡ ಹಿಡಿದು ಹೊರಗೆ ಹೋಗಬೇಕಾಯಿತು. ಕೊನೆಗೆ ಮೈಕು ತೃಪ್ತಿಪಟ್ಟದ್ದು ಬೆಳಗಿನ ಜಾವ ನಾಲ್ಕಕ್ಕೆ. ಬಕೆಟ್ಟು, ಡಬ್ಬಿ ಸಮೇತ ಎಂಟು ಕಡೆ ಸರಿಸುತ್ತ, ಉಸಿರು ಹಿಡಿದು ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದೆ. ಆರನೆಯ ಜಾಗದಲ್ಲಿದ್ದಾಗ ಒಳಕೋಣೆಯಿಂದ ಅವ್ವನ ದನಿ ಬಂತು: "ಹಲ್ಲಿ ನುಡ್ಯಾಕತ್ತದ. ಯಾವ ದಿಕ್ಕಿಗೆ ನೋಡು." ಉತ್ತರ ಕೊಟ್ಟರೆ ಅಳತೆ ಕೆಡುತ್ತದೆ ಎಂದು ನಾನು ಸುಮ್ಮನಿದ್ದೆ. ಹಲ್ಲಿ ಎಡಕ್ಕೆ ನುಡಿಯಿತು, ನಡುವೆ ನುಡಿಯಿತು, ಬಲಕ್ಕೆ ನುಡಿಯಿತು, ಬೆನ್ನ ಹಿಂದೆ ಎರಡೂ ಮಗ್ಗುಲಿಗೆ ನುಡಿದು, ಕೊನೆಗೆ ಮೂಲೆಯ ಸಬ್‌ವೂಫರಿನಿಂದ ಗುಮ್ಮೆಂದಿತು. ಅವ್ವ ಬೆಳಿಗ್ಗೆ ಪಂಚಾಂಗ ತೆರೆದು ಬಹಳ ಹೊತ್ತು ಕುಳಿತಿದ್ದಳು. ಗುಮ್ಮೆನ್ನುವ ಹಲ್ಲಿಯ ಫಲ ಅದರಲ್ಲಿ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೂ ಧಾರಾವಾಹಿಯ ಅತ್ತೆಯ ಮಾತು ಕೇಳಿಸುವುದಿಲ್ಲ, ಸೊಸೆ ಬಾಗಿಲು ಹಾಕಿಕೊಂಡ ಸದ್ದಿಗೆ ಮಾತ್ರ ಎದೆ ನಡುಗುತ್ತದೆ ಎಂಬ ದೂರು ಮನೆಯಲ್ಲಿ ಹಾಗೆಯೇ ಇದೆ. ಶಹಾಬಾದ್ ಕಲ್ಲಿನ ನೆಲ, ಬೋಳು ಗೋಡೆ, ಕಬ್ಬಿಣದ ಅಲಮಾರು. ನಮ್ಮ ಪಡಸಾಲೆಯಲ್ಲಿ ಚಪ್ಪಾಳೆ ತಟ್ಟಿದರೆ ಗೋಡೆಗಳು ಮರುಚಪ್ಪಾಳೆ ತಟ್ಟುತ್ತವೆ. ಜಮಖಾನೆ ಹಾಸಿ, ದಪ್ಪ ಪರದೆ ಹಾಕಿ ಎಂದು ಪುಸ್ತಿಕೆ ಹೇಳುತ್ತದೆ. ಏಪ್ರಿಲ್‌ನಿಂದ ಜೂನ್ ತನಕ ಬರಿಗಲ್ಲಿನ ತಂಪಿಗೆ ಬೆನ್ನು ಕೊಟ್ಟು ಮಲಗುವ ಜನಕ್ಕೆ ಜಮಖಾನೆ ಹಾಸಲು ಹೇಳುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಮಾತು ಹೊರಡುವ ನಡುವಿನ ಸ್ಪೀಕರನ್ನು 3 ಡೆಸಿಬೆಲ್ ಏರಿಸಿ ನೋಡಿದೆ, ಸ್ವಲ್ಪ ಗುಣವಾಯಿತು. ನಾನಿಲ್ಲದ ಹೊತ್ತಿನಲ್ಲಿ ಅವರು ಪೆಟ್ಟಿಗೆಯನ್ನು ಆರಿಸಿ ಟಿವಿಯದೇ ಸ್ಪೀಕರಿನಲ್ಲಿ ಕೇಳುತ್ತಾರೆಂಬುದು ನನಗೆ ಗೊತ್ತಿದೆ. ಸಂಜೆ ಮನೆಗೆ ಬಂದು ಅದರ ನೆತ್ತಿಯನ್ನು ಮುಟ್ಟಿ ನೋಡಿದರೆ ತಣ್ಣಗಿರುತ್ತದೆ.

ನನಗೆ ನಿದ್ದೆ ಕೆಡಿಸಿದ್ದು ಅದಲ್ಲ. ಅಳತೆ ಮುಗಿಸಿದ ಯಂತ್ರವು ಸ್ಪೀಕರುಗಳ ದೂರವನ್ನು ಪಟ್ಟಿ ಮಾಡಿ ತೋರಿಸುತ್ತದೆ. ಐದರ ಲೆಕ್ಕ ಬೆರಳಗಲವೂ ತಪ್ಪಿರಲಿಲ್ಲ. ಆದರೆ ನನ್ನಿಂದ ಒಂಬತ್ತು ಅಡಿ ದೂರದ ಮೂಲೆಯಲ್ಲಿ ಕುಳಿತಿರುವ ಸಬ್‌ವೂಫರ್ 6.4 ಮೀಟರ್ ದೂರದಲ್ಲಿದೆ ಎಂದು ಅದು ಬರೆಯಿತು. ಅಂದರೆ ಇಪ್ಪತ್ತೊಂದು ಅಡಿ. ನಮ್ಮ ಪಡಸಾಲೆಯೇ ಹದಿನಾಲ್ಕು ಅಡಿ. ಸಬ್‌ವೂಫರಿನ ಒಳಗಿನ ಸರ್ಕಿಟ್ಟು ಸದ್ದನ್ನು ಸುಮಾರು 10 ಮಿಲಿಸೆಕೆಂಡು ತಡವಾಗಿ ಹೊರಬಿಡುತ್ತದೆ, ಸದ್ದು ಸೆಕೆಂಡಿಗೆ 343 ಮೀಟರ್ ಓಡುತ್ತದೆ, ಯಂತ್ರವು ಆ ತಡವನ್ನು ದೂರವೆಂದು ಎಣಿಸುತ್ತದೆ, ಆ ಅಂಕಿ ಸರಿಯೇ ಇದೆ, ತಿದ್ದಬೇಡಿ ಎಂದು ಫ್ಯಾನು ಕೂರಿಸಿದ ಸ್ನೇಹಿತರು ತಿಳಿಸಿದರು. ತಡವಾಗಿ ಬಂದವನು ದೂರದಿಂದ ಬಂದೆ ಎನ್ನುವುದು ನಮ್ಮ ಕಚೇರಿಯಲ್ಲಿಯೂ ನಡೆಯುವ ಮಾತಾದ್ದರಿಂದ ಒಪ್ಪಿಕೊಂಡೆ, ಪೂರ್ತಿಯಾಗಿ ಅಲ್ಲ.

ಮುಂದಿನ ವಾರ ಪಕ್ಕದ ಮನೆಯ ಹೆಣ್ಣುಮಗಳು ಬಂದು, ಸಂಜೆಯಾಯಿತೆಂದರೆ ತಮ್ಮ ಅಡುಗೆಮನೆಯಲ್ಲಿ ಬೇಳೆಯ ಡಬ್ಬಿಗಳ ಮುಚ್ಚಳ ತಾವಾಗಿಯೇ ಗಲಗಲ ಎನ್ನುತ್ತವೆ, ಏನಾದರೂ ಗೊತ್ತೇ ಎಂದು ಸಂಕೋಚದಿಂದ ಕೇಳಿದರು. ಯಾವ ಗೂಡು ಎಂದು ಕೇಳಿ, ಟೇಪು ಹಿಡಿದು ಅವರ ಹಿಂದೆಯೇ ಹೋದೆ. ನಮ್ಮ ಸೋಫಾದಿಂದ ಮೂಲೆಯ ಗೋಡೆಗೆ ಹತ್ತಡಿ, ಎರಡು ಮನೆಗಳ ನಡುವಿನ ಸಂದಿ ಗೋಡೆಗಳೂ ಸೇರಿ ಆರಡಿ, ಅವರ ಒಳಗೋಡೆಯಿಂದ ಗೂಡಿನ ತನಕ ಐದಡಿಗೆ ಎರಡು ಅಂಗುಲ ಕಡಿಮೆ. ತೊಗರಿಬೇಳೆಯ ಡಬ್ಬಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ. ಅವರು ಡಬ್ಬಿಗಳನ್ನು ಈಗ ಕೆಳಗಿನ ಗೂಡಿಗೆ ಸರಿಸಿದ್ದಾರೆ. ನಾನು ಆ ಅಂಕಿಯನ್ನು ಮುಟ್ಟಿಲ್ಲ.